ದೊರೆಯ ಮತ, ಪ್ರಜೆಯ ಓದು



ಇಂದಿನ ಭಾಷಣದ ವಿಷಯ ಜರ್ಮನಿಯ ಒಂದು ಹಳೆಯ ಸಂಸ್ಥಾನದ ಚರಿತ್ರೆ. ಅದರ ಹೆಸರು ವುರ್ಟೆಂಬರ್ಗ್. ಅಲ್ಲಿ ಆಳುತ್ತಿದ್ದ ದೊರೆಗೆ ಡ್ಯೂಕ್ ಎಂಬ ಬಿರುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ನಿಮಗೂ ಈ ದೂರದ ಸಂಸ್ಥಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಲೇಬೇಕು. ಉತ್ತರ ಈ ಭಾಷಣದ ಕೊನೆಯಲ್ಲಿ ಬರುತ್ತದೆ. ಅಲ್ಲಿಗೆ ತಲುಪಲು ಸುಮಾರು ನಾಲ್ಕು ನೂರು ವರ್ಷಗಳ ದಾರಿ ನಡೆಯಬೇಕಾಗಿದೆ.

ಮೊದಲು ನಕ್ಷೆಯನ್ನು ನೋಡೋಣ. ಜರ್ಮನಿಯ ನೈಋತ್ಯ ಮೂಲೆಯಲ್ಲಿ ನೆಕಾರ್ ಎಂಬ ನದಿ ಹರಿಯುತ್ತದೆ. ಅದರ ಎರಡೂ ದಡಗಳ ಗುಡ್ಡಗಳ ಮೇಲೆ ದ್ರಾಕ್ಷಿ ತೋಟಗಳು, ಕೆಳಗೆ ಹೊಲಗಳು, ನಡುವೆ ಸಣ್ಣ ಸಣ್ಣ ಊರುಗಳು. ಸ್ಟುಟ್‌ಗಾರ್ಟ್ ರಾಜಧಾನಿ. ಹದಿನೆಂಟನೆಯ ಶತಮಾನದ ಕೊನೆಯಲ್ಲೂ ಈ ಸಂಸ್ಥಾನದ ವಿಸ್ತಾರ ಇಂದಿನ ಹಾವೇರಿ ಜಿಲ್ಲೆಯ ಸುಮಾರು ಎರಡು ಪಟ್ಟು ಅಷ್ಟೆ. ಅಲ್ಲಿ ತಂದೆಯ ಹೊಲ ಮಕ್ಕಳೆಲ್ಲರಿಗೂ ಪಾಲಾಗುತ್ತಿತ್ತು. ತಲೆಮಾರು ಕಳೆದಂತೆ ಹೊಲ ತುಂಡುತುಂಡಾಯಿತು. ಆದ್ದರಿಂದ ರೈತರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಈ ಕಷ್ಟವನ್ನು ನಮ್ಮ ಭಾಗದ ಒಕ್ಕಲುತನದ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನದಿಗೆ ಎಸೆದ ತೂಕದ ಕಲ್ಲು

1495ರಲ್ಲಿ ವುರ್ಟೆಂಬರ್ಗಿನ ದೊರೆ ಎಬರ್‌ಹಾರ್ಟ್‌ನಿಗೆ ಜರ್ಮನ್ ಚಕ್ರವರ್ತಿಯಿಂದ ಡ್ಯೂಕ್ ಪದವಿ ದೊರೆಯಿತು. ಇದಕ್ಕೂ ಮುಂಚೆ, 1477ರಲ್ಲಿ, ಈತ ಟ್ಯೂಬಿಂಗೆನ್ ಎಂಬ ಊರಿನಲ್ಲಿ ಒಂದು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ್ದ. ಟ್ಯೂಬಿಂಗೆನ್ ಎಂಬ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಅದು ನಮಗೆ ಮತ್ತೆ ಮತ್ತೆ ಎದುರಾಗುತ್ತದೆ.

ಸ್ವಲ್ಪ ಕಾಲದ ನಂತರ ಪಟ್ಟಕ್ಕೆ ಬಂದ ಉಲ್ರಿಖ್ ದುಂದುಗಾರ. ಆಡಂಬರಕ್ಕೂ ಯುದ್ಧಕ್ಕೂ ಮಾಡಿದ ಸಾಲ ಬೆಟ್ಟವಾಯಿತು. ಸಾಲ ತೀರಿಸಲು ಅವನ ಆಡಳಿತ ಒಂದು ಉಪಾಯ ಹುಡುಕಿತು. ಮಾಂಸ, ಹಿಟ್ಟು ಮುಂತಾದ ನಿತ್ಯದ ಸಾಮಾನುಗಳ ಬೆಲೆಯನ್ನು ಹೆಚ್ಚಿಸಲಿಲ್ಲ. ತೂಕದ ಕಲ್ಲನ್ನೇ ಹಗುರ ಮಾಡಿತು. ಕೊಡುವ ಹಣ ಅಷ್ಟೇ, ಕೈಗೆ ಬರುವ ಸರಕು ಕಡಿಮೆ. ಉಳಿದದ್ದು ದೊರೆಯ ತೆರಿಗೆ. ತೂಕದಲ್ಲಿ ಮೋಸವಾದರೆ ರೈತನ ಹೊಟ್ಟೆಯಲ್ಲಿ ಎಂಥ ಸಂಕಟವಾಗುತ್ತದೆ ಎಂಬುದು ಬ್ಯಾಡಗಿಯಂಥ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತ ಬೆಳೆದ ನಿಮಗೆ ಗೊತ್ತಿರಬೇಕು.

1514ರ ಮೇ ತಿಂಗಳಿನಲ್ಲಿ ಬ್ಯೂಟೆಲ್ಸ್‌ಬಾಖ್ ಎಂಬ ಹಳ್ಳಿಯ ಗೈಸ್‌ಪೀಟರ್ ಎಂಬಾತ ಆ ಹೊಸ ತೂಕದ ಕಲ್ಲುಗಳನ್ನು ಎತ್ತಿಕೊಂಡು ಜನರೊಂದಿಗೆ ರೆಮ್ಸ್ ನದಿಯ ದಡಕ್ಕೆ ಹೋದ. ಕಲ್ಲು ತೇಲಿದರೆ ದೊರೆ ಮಾಡಿದ್ದು ಸರಿ, ಮುಳುಗಿದರೆ ರೈತರು ಹೇಳುವುದು ಸರಿ ಎಂದು ಸಾರಿ ಅವನ್ನು ನೀರಿಗೆ ಎಸೆದ. ಕಲ್ಲು ಮುಳುಗದೆ ಇನ್ನೇನು ಮಾಡೀತು? ಹೀಗೆ ಶುರುವಾದ ದಂಗೆಗೆ ಚರಿತ್ರೆಯಲ್ಲಿ ‘ಬಡ ಕೊನ್ರಾಡ್’ ಎಂದು ಹೆಸರು. ಬಡರೈತನಿಗೆ ದೊಡ್ಡವರು ಹಾಸ್ಯಕ್ಕೆ ಇಟ್ಟಿದ್ದ ಹೆಸರದು. ರೈತರು ಅದನ್ನೇ ತಮ್ಮ ಬಾವುಟದ ಹೆಸರನ್ನಾಗಿ ಮಾಡಿಕೊಂಡರು.

ದಂಗೆಯನ್ನು ಸೈನ್ಯ ತುಳಿದುಹಾಕಿತು. ಅನೇಕರಿಗೆ ಮರಣದಂಡನೆಯಾಯಿತು. ಆದರೆ ಅದೇ ವರ್ಷ ಜುಲೈ 8ರಂದು ಟ್ಯೂಬಿಂಗೆನ್ನಿನಲ್ಲಿ ಒಂದು ಒಪ್ಪಂದವಾಯಿತು. ದೊರೆಯ ಸಾಲವನ್ನು ಪಟ್ಟಣಗಳ ಮತ್ತು ಮಠಗಳ ಪ್ರತಿನಿಧಿ ಸಭೆ ಹೊತ್ತುಕೊಂಡಿತು. ಪ್ರತಿಯಾಗಿ ದೊರೆ ಸಭೆಯನ್ನು ಕೇಳದೆ ಹೊಸ ತೆರಿಗೆ ಹಾಕಬಾರದು, ವಿಚಾರಣೆ ಇಲ್ಲದೆ ಯಾರಿಗೂ ಘೋರ ಶಿಕ್ಷೆ ಕೊಡಬಾರದು ಎಂದಾಯಿತು. ಈ ಸಭೆಯಲ್ಲಿ ದಂಗೆ ಎದ್ದ ರೈತರಿಗೆ ಸ್ಥಾನ ಸಿಗಲಿಲ್ಲ. ಆದರೂ ದೊರೆಯ ಮಾತಿಗೂ ಒಂದು ಮೇರೆ ಇದೆ ಎಂಬುದು ಕಾಗದದ ಮೇಲೆ ಬಂತು. ಕಾಗದದ ಮೇಲೆ ಬಂದ ಮಾತನ್ನು ಓದಬಲ್ಲವರು ಬೇಕು. ಇನ್ನು ನಮ್ಮ ಕಥೆ ಓದಿನ ಕಡೆಗೆ ತಿರುಗುತ್ತದೆ.

ದೊರೆ ಯಾವ ಮತವೋ ಪ್ರಜೆ ಅದೇ ಮತ

1517ರಲ್ಲಿ ಮಾರ್ಟಿನ್ ಲೂಥರ್ ಎಂಬ ಜರ್ಮನ್ ಸಂನ್ಯಾಸಿ ಪ್ರಾಧ್ಯಾಪಕ ರೋಮಿನ ಪೋಪರ ಧರ್ಮಾಧಿಕಾರವನ್ನು ಪ್ರಶ್ನಿಸತೊಡಗಿದ್ದು ನಿಮ್ಮ ಪಠ್ಯದಲ್ಲಿದೆ. ಧರ್ಮದ ವಿಷಯದಲ್ಲಿ ಕೊನೆಯ ಪ್ರಮಾಣ ಪೋಪರಲ್ಲ, ಬೈಬಲ್ ಎಂಬುದು ಅವನ ವಾದ. ಹಾಗಾದರೆ ಬೈಬಲ್ ಜನರ ಮಾತಿನಲ್ಲಿರಬೇಕು. ಜನ ಅದನ್ನು ಓದಬಲ್ಲವರಾಗಿರಬೇಕು. ಲೂಥರ್ ಜರ್ಮನ್ ಭಾಷೆಗೆ ತಂದ ಪೂರ್ತಿ ಬೈಬಲ್ 1534ರಲ್ಲಿ ಅಚ್ಚಾಯಿತು.

ಅದೇ 1534ರಲ್ಲಿ ವುರ್ಟೆಂಬರ್ಗ್ ಲೂಥರನ ಮತವನ್ನು ಸೇರಿತು. ಸೇರಿದ ಬಗೆ ಹೇಗೆ? ಹದಿನೈದು ವರ್ಷಗಳ ಹಿಂದೆ ರಾಜ್ಯ ಕಳೆದುಕೊಂಡು ಓಡಿಹೋಗಿದ್ದ ಉಲ್ರಿಖ್, ಹೆಸ್ಸೆಯ ದೊರೆ ಫಿಲಿಪ್ಪನ ಸೈನ್ಯದ ನೆರವಿನಿಂದ ಮೇ ತಿಂಗಳಿನಲ್ಲಿ ಲೌಫನ್ ಎಂಬಲ್ಲಿ ಯುದ್ಧ ಗೆದ್ದು ಮರಳಿ ಬಂದ. ಬಂದವನೇ ರಾಜ್ಯದ ಮತವನ್ನು ಬದಲಾಯಿಸಿದ. ಮಠಗಳ ಆಸ್ತಿಯ ಬಹುಭಾಗ ಖಜಾನೆಗೆ ಸೇರಿತು. ಪ್ರಜೆಗಳನ್ನು ಯಾರೂ ಕೇಳಲಿಲ್ಲ. 1555ರಲ್ಲಿ ಆಗ್ಸ್‌ಬರ್ಗಿನ ಒಪ್ಪಂದ ಇದನ್ನೇ ಇಡೀ ಜರ್ಮನಿಗೆ ಕಾನೂನು ಮಾಡಿತು. ದೊರೆ ಯಾವ ಮತದವನೋ ಪ್ರಜೆಗಳೂ ಅದೇ ಮತದವರು. ಒಪ್ಪದವನು ಊರು ಬಿಡಬಹುದು.

ಇದನ್ನು ನಮ್ಮ ಸವಣೂರಿನೊಂದಿಗೆ ಹೋಲಿಸಿ ನೋಡಿ. ಅಲ್ಲಿ ಆಳಿದವರು ಮುಸ್ಲಿಂ ನವಾಬರು. ಪ್ರಜೆಗಳಲ್ಲಿ ಬಹಳಷ್ಟು ಜನ ಬೇರೆ ಬೇರೆ ಮತ ಪಂಥಗಳವರು. ಮಾಧ್ವ ಯತಿಗಳಾದ ಸತ್ಯಬೋಧ ತೀರ್ಥರ ಮಠ ನವಾಬರ ಊರಿನಲ್ಲಿಯೇ ಇದೆ. ದೊರೆಯ ಮತ ಒಂದು, ಪ್ರಜೆಯ ಮತ ಇನ್ನೊಂದು ಎಂಬುದು ಇಲ್ಲಿ ಸಾಮಾನ್ಯ ಸಂಗತಿ. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಅದು ಊಹೆಗೂ ನಿಲುಕದ ಮಾತು.

ಊರಿಗೊಂದು ಶಾಲೆ

ಉಲ್ರಿಖ್ 1536ರಲ್ಲಿ ಟ್ಯೂಬಿಂಗೆನ್ನಿನಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಒಂದು ವಿದ್ಯಾರ್ಥಿನಿಲಯದ ಏರ್ಪಾಡು ಮಾಡಿದ. ಊಟ, ವಸತಿ, ಓದು ಎಲ್ಲವೂ ಸಂಸ್ಥಾನದ ಖರ್ಚಿನಲ್ಲಿ. ಓದಿದವರು ಮುಂದೆ ಪಾದ್ರಿಗಳೋ ಉಪಾಧ್ಯಾಯರೋ ಆಗಿ ಸಂಸ್ಥಾನದ ಸೇವೆ ಮಾಡಬೇಕು. ಅವನ ಮಗ ಕ್ರಿಸ್ಟೋಫ್ 1550ರಿಂದ 1568ರವರೆಗೆ ಆಳಿದ. ಯೊಹಾನೆಸ್ ಬ್ರೆನ್ಜ್ ಎಂಬ ಧರ್ಮಪಂಡಿತನ ಸಲಹೆಯಿಂದ ಅವನು 1559ರಲ್ಲಿ ಒಂದು ದೊಡ್ಡ ಶಾಸನ ಹೊರಡಿಸಿದ. ಅದರಲ್ಲಿ ಚರ್ಚಿನ ಆಡಳಿತದ ಜೊತೆಗೆ ಶಾಲೆಗಳ ವ್ಯವಸ್ಥೆಯೂ ಇತ್ತು. ಹಳ್ಳಿಗಳಲ್ಲಿ ಜರ್ಮನ್ ಶಾಲೆ, ಪಟ್ಟಣಗಳಲ್ಲಿ ಲ್ಯಾಟಿನ್ ಶಾಲೆ, ಹಳೆಯ ಮಠಗಳ ಕಟ್ಟಡಗಳಲ್ಲಿ ಬುದ್ಧಿವಂತ ಹುಡುಗರಿಗೆ ಉಚಿತ ಶಾಲೆ, ಅದರ ಮೇಲೆ ಟ್ಯೂಬಿಂಗೆನ್. ಹೀಗೆ ಮೆಟ್ಟಿಲಿನ ಮೇಲೆ ಮೆಟ್ಟಿಲು.

ಹಳ್ಳಿ ಶಾಲೆಯಲ್ಲಿ ಹೆಣ್ಣುಮಕ್ಕಳೂ ಕುಳಿತರು. ಮೇಲಿನ ಮೆಟ್ಟಿಲುಗಳು ಮಾತ್ರ ಅವರಿಗೆ ತೆರೆಯಲಿಲ್ಲ. ಕಲಿಸುತ್ತಿದ್ದುದು ಓದು, ಬರಹ, ಧರ್ಮಪ್ರಶ್ನೋತ್ತರ ಮತ್ತು ಭಕ್ತಿಗೀತೆ. ಚಳಿಗಾಲದಲ್ಲಿ ಶಾಲೆ ತುಂಬುತ್ತಿತ್ತು. ಸುಗ್ಗಿ ಬಂದರೆ ಮಕ್ಕಳು ಹೊಲಕ್ಕೆ. ಶಾಲೆಯ ಉದ್ದೇಶ ಮಕ್ಕಳನ್ನು ಸ್ವತಂತ್ರ ವಿಚಾರವಂತರನ್ನಾಗಿ ಮಾಡುವುದಲ್ಲ. ದೊರೆಯ ಮತದಲ್ಲಿ ಗಟ್ಟಿಯಾಗಿ ನಿಲ್ಲಿಸುವುದು. ಈ ಮಾತನ್ನು ನಾವು ಮರೆಯಬಾರದು. ಆದರೆ ಅಕ್ಷರಕ್ಕೆ ಒಂದು ಗುಣವಿದೆ. ಒಂದು ಪುಸ್ತಕ ಓದಲು ಕಲಿತವನು ಎರಡನೆಯ ಪುಸ್ತಕವನ್ನೂ ಓದಬಲ್ಲ. ಎರಡನೆಯದು ಯಾವುದೆಂದು ಕಲಿಸಿದವನು ನಿರ್ಧರಿಸಲಾರ.

ಟ್ಯೂಬಿಂಗೆನ್ನಿನ ಅಚ್ಚುಕೂಟಗಳು ಹೊರಗಿನ ಭಾಷೆಗಳಿಗೂ ನೆರವಾದವು. ಸ್ಲೊವೀನ್ ಭಾಷೆಯ ಮೊದಲ ಅಚ್ಚಾದ ಪುಸ್ತಕಗಳು ಹೊರಬಂದದ್ದು 1550ರಲ್ಲಿ, ಟ್ಯೂಬಿಂಗೆನ್ನಿನಲ್ಲಿ. ಅವುಗಳನ್ನು ಬರೆದ ಪ್ರಿಮೊಜ್ ಟ್ರುಬಾರ್ ತನ್ನ ನಾಡಿನಿಂದ ತಲೆತಪ್ಪಿಸಿಕೊಂಡು ಬಂದ ಪಾದ್ರಿ. ಅವುಗಳಲ್ಲಿ ಒಂದು ಅಕ್ಷರಮಾಲೆಯ ಪುಸ್ತಕ. ಅಂದರೆ ಮತ ಹರಡಲು ಹೊರಟವರು ಪರರ ನುಡಿಯನ್ನು ಕಲಿತು, ಅದಕ್ಕೆ ಅಚ್ಚು ಮೊಳೆ ಹೊಂದಿಸಿ, ಪುಸ್ತಕ ಮಾಡುವ ರೂಢಿ ಈ ನಾಡಿನಲ್ಲಿ ಬೇರೂರಿತು.

ಮಗ ವಿಜ್ಞಾನಿ, ತಾಯಿ ಬಂದೀಖಾನೆಯಲ್ಲಿ

ಈ ಶಾಲೆಗಳ ಮೆಟ್ಟಿಲು ಹತ್ತಿ ಬಂದ ಬಡ ಹುಡುಗನೊಬ್ಬನನ್ನು ನೀವೆಲ್ಲ ಬಲ್ಲಿರಿ. ಗ್ರಹಗಳ ಚಲನೆಯ ನಿಯಮಗಳನ್ನು ಕೊಟ್ಟ ಯೊಹಾನೆಸ್ ಕೆಪ್ಲರ್. 1571ರಲ್ಲಿ ಹುಟ್ಟಿದ ಈತ ಲಿಯೊನ್‌ಬರ್ಗಿನ ಲ್ಯಾಟಿನ್ ಶಾಲೆ, ಆಡೆಲ್‌ಬರ್ಗ್ ಮತ್ತು ಮೌಲ್‌ಬ್ರೊನ್‌ಗಳ ಮಠಶಾಲೆ ಮುಗಿಸಿ 1589ರಲ್ಲಿ ಟ್ಯೂಬಿಂಗೆನ್ ಸೇರಿದ. ಅಲ್ಲಿ ಮಿಖಾಯೆಲ್ ಮೇಸ್ಟ್ಲಿನ್ ಎಂಬ ಗುರು ಅವನಿಗೆ ಕೊಪರ್ನಿಕಸನ ಸೂರ್ಯಕೇಂದ್ರ ಸಿದ್ಧಾಂತವನ್ನು ಪರಿಚಯಿಸಿದ. ದೊರೆಗೆ ಬೇಕಾಗಿದ್ದುದು ಒಬ್ಬ ಪಾದ್ರಿ. ಜಗತ್ತಿಗೆ ಸಿಕ್ಕಿದ್ದು ಒಬ್ಬ ಖಗೋಳ ವಿಜ್ಞಾನಿ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಕೆಪ್ಲರನ ತಾಯಿ ಕಥರೀನಾ ಓದು ಬರಹ ಬಾರದ ವಿಧವೆ. ಗಿಡಮೂಲಿಕೆಯ ಔಷಧಿ ತಿಳಿದವಳು. 1615ರಲ್ಲಿ ಲಿಯೊನ್‌ಬರ್ಗಿನಲ್ಲಿ ಆಕೆಯ ಮೇಲೆ ಮಾಟಗಾತಿ ಎಂಬ ಆಪಾದನೆ ಬಂತು. 1620ರಲ್ಲಿ ಬಂಧನವಾಯಿತು. ಎಪ್ಪತ್ತು ದಾಟಿದ ಮುದುಕಿಯನ್ನು ಸುಮಾರು ಹದಿನಾಲ್ಕು ತಿಂಗಳು ಸಂಕೋಲೆಯಲ್ಲಿಟ್ಟರು. ಚಿತ್ರಹಿಂಸೆಯ ಸಲಕರಣೆಗಳನ್ನು ಎದುರಿಗಿಟ್ಟು ಹೆದರಿಸಿದರು. ಆಕೆ ತಪ್ಪೊಪ್ಪಿಕೊಳ್ಳಲಿಲ್ಲ. ಕೆಪ್ಲರ್ ತನ್ನ ಕೆಲಸ ಬಿಟ್ಟು ಬಂದು, ಆಪಾದನೆಗಳಿಗೆ ಒಂದೊಂದಾಗಿ ಉತ್ತರ ಬರೆದು ಹೋರಾಡಿದ. 1621ರಲ್ಲಿ ಬಿಡುಗಡೆಯಾಯಿತು, ಮರುವರ್ಷವೇ ಆಕೆ ತೀರಿಕೊಂಡಳು. ಮಗನಿಗೆ ಉಚಿತವಾಗಿ ವಿದ್ಯೆ ಕೊಟ್ಟ ಸಂಸ್ಥಾನವೇ ತಾಯಿಗೆ ಸಂಕೋಲೆ ತೊಡಿಸಿತು. ಶಾಲೆಗಳಿದ್ದ ಮಾತ್ರಕ್ಕೆ ಅಜ್ಞಾನ ಓಡಿಹೋಗುವುದಿಲ್ಲ. ಆದರೆ ಅದನ್ನು ಎದುರಿಸುವ ಆಯುಧವನ್ನು ಆ ಮಗನಿಗೆ ಕೊಟ್ಟದ್ದೂ ಶಾಲೆಯೇ.

ಯುದ್ಧದ ಬೂದಿಯಲ್ಲಿ ಮತ್ತೆ ಶಾಲೆ

1618ರಲ್ಲಿ ಜರ್ಮನಿಯಲ್ಲಿ ಮೂವತ್ತು ವರ್ಷಗಳ ಯುದ್ಧ ಹೊತ್ತಿಕೊಂಡಿತು. 1634ರಲ್ಲಿ ನೊರ್ಡ್ಲಿಂಗೆನ್ ಕದನದಲ್ಲಿ ಪ್ರಾಟೆಸ್ಟೆಂಟ್ ಪಕ್ಷ ಸೋತ ಮೇಲೆ ಸೈನ್ಯಗಳು ವುರ್ಟೆಂಬರ್ಗನ್ನು ಸೂರೆಗೊಂಡವು. ಡ್ಯೂಕ್ ಎಬರ್‌ಹಾರ್ಟ್ ಸ್ಟ್ರಾಸ್‌ಬರ್ಗಿಗೆ ಓಡಿಹೋದ. ಲೂಟಿ, ಹಸಿವು, ಪ್ಲೇಗು ಒಟ್ಟಿಗೆ ಬಂದವು. ಲೆಕ್ಕ ಮಾಡುವ ಯಂತ್ರವನ್ನು 1623ರಲ್ಲೇ ರೂಪಿಸಿದ್ದ ಟ್ಯೂಬಿಂಗೆನ್ನಿನ ಪ್ರಾಧ್ಯಾಪಕ ವಿಲ್‌ಹೆಲ್ಮ್ ಶಿಕಾರ್ಡ್ 1635ರ ಪ್ಲೇಗಿಗೆ ಬಲಿಯಾದ. ಯುದ್ಧಕ್ಕೆ ಮುಂಚೆ ಸುಮಾರು ನಾಲ್ಕೂವರೆ ಲಕ್ಷ ಜನರಿದ್ದ ನಾಡಿನಲ್ಲಿ 1639ರ ಹೊತ್ತಿಗೆ ಒಂದು ಲಕ್ಷಕ್ಕಿಂತ ತುಸು ಹೆಚ್ಚು ಜನ ಮಾತ್ರ ಉಳಿದಿದ್ದರು ಎಂದು ಚರಿತ್ರಕಾರರ ಅಂದಾಜು. ಸತ್ತವರ ಜೊತೆಗೆ ಊರು ಬಿಟ್ಟು ಓಡಿದವರೂ ಈ ಲೆಕ್ಕದಲ್ಲಿದ್ದಾರೆ.

ಯುದ್ಧ ಮುಗಿದದ್ದು 1648ರಲ್ಲಿ. ಹೊಲಗಳಲ್ಲಿ ಮುಳ್ಳುಕಂಟಿ ಬೆಳೆದಿತ್ತು, ಖಜಾನೆ ಬರಿದಾಗಿತ್ತು. ಇಂಥ ಹೊತ್ತಿನಲ್ಲಿ, 1649ರಲ್ಲಿ, ಈ ಸಂಸ್ಥಾನ ಎಲ್ಲ ಮಕ್ಕಳಿಗೂ ಶಾಲೆಯನ್ನು ಕಡ್ಡಾಯ ಮಾಡಿತು. ದುಡಿಯುವ ಕೈಗಳು ಬೇಕಾಗಿದ್ದ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿ ಎಂದಿತು. ಎಲ್ಲರೂ ಕಳಿಸಿದರೆಂದಲ್ಲ, ಸುಗ್ಗಿಯ ದಿನಗಳಲ್ಲಿ ಬೆಂಚುಗಳು ಖಾಲಿಯೇ. ಆದರೂ ತಲೆಮಾರುಗಳು ಕಳೆದಂತೆ ಅಕ್ಷರ ಮನೆ ಮನೆಗೆ ಹೊಕ್ಕಿತು. ಹದಿನೆಂಟನೆಯ ಶತಮಾನದಲ್ಲಿ ರೈತರು, ನೇಕಾರರು ಸಂಜೆ ಯಾರದೋ ಮನೆಯಲ್ಲಿ ಸೇರಿ ಧರ್ಮಗ್ರಂಥ ಓದಿ ತಾವೇ ಚರ್ಚಿಸುವ ಪದ್ಧತಿ ಬೆಳೆಯಿತು. ಚರ್ಚಿನ ಅಧಿಕಾರಿಗಳಿಗೆ ಇದು ಮೊದಲು ಹಿಡಿಸಲಿಲ್ಲ. ಆದರೆ 1743ರಲ್ಲಿ ಸರಕಾರವೇ ಕೆಲವು ನಿಬಂಧನೆಗಳೊಡನೆ ಇಂಥ ಕೂಟಗಳಿಗೆ ಒಪ್ಪಿಗೆ ಕೊಟ್ಟಿತು. ಈ ಭಕ್ತಿಪಂಥಕ್ಕೆ ಪಯಟಿಸಂ ಎಂದು ಹೆಸರು.

ಪ್ರಜೆ ಓದಿದಾಗ ದೊರೆಗೆ ಆದ ತೊಂದರೆ

1733ರಲ್ಲಿ ಒಂದು ವಿಚಿತ್ರ ನಡೆಯಿತು. ಪಟ್ಟಕ್ಕೆ ಬಂದ ಕಾರ್ಲ್ ಅಲೆಕ್ಸಾಂಡರ್ ಕ್ಯಾಥೊಲಿಕ್. ಹಳೆಯ ನಿಯಮದಂತೆ ಪ್ರಜೆಗಳೂ ಈಗ ಕ್ಯಾಥೊಲಿಕರಾಗಬೇಕಲ್ಲವೆ? ಆಗಲಿಲ್ಲ. ಲೂಥರನ್ ಚರ್ಚಿಗೆ ಕೈ ಹಚ್ಚುವುದಿಲ್ಲವೆಂದು ದೊರೆಯೇ ಬರೆದುಕೊಡಬೇಕಾಯಿತು. ಇನ್ನೂರು ವರ್ಷಗಳಲ್ಲಿ ಮತ ದೊರೆಯ ಸ್ವತ್ತಾಗಿ ಉಳಿಯದೆ ಪ್ರಜೆಯ ಸ್ವತ್ತಾಗಿತ್ತು.

ಅವನ ಮಗ ಕಾರ್ಲ್ ಯೂಜೆನ್ ಅರಮನೆಗಳ ಹುಚ್ಚಿನವ. ಪ್ರತಿನಿಧಿ ಸಭೆಯ ಸಲಹೆಗಾರ ಯೊಹಾನ್ ಯಾಕೋಬ್ ಮೋಸರನನ್ನು 1759ರಿಂದ 1764ರವರೆಗೆ ವಿಚಾರಣೆ ಇಲ್ಲದೆ ಕೋಟೆಯಲ್ಲಿಟ್ಟ. ತನ್ನನ್ನು ಟೀಕಿಸಿದ ಕವಿ, ಪತ್ರಕರ್ತ ಶೂಬಾರ್ಟನನ್ನು 1777ರಿಂದ ಹತ್ತು ವರ್ಷ ಸೆರೆಯಲ್ಲಿಟ್ಟ. ತನ್ನದೇ ಶಾಲೆಯಲ್ಲಿ ಓದಿದ ಷಿಲ್ಲರನಿಗೆ ನಾಟಕ ಬರೆಯಬೇಡವೆಂದ. ಆತ 1782ರಲ್ಲಿ ರಾಜ್ಯ ಬಿಟ್ಟು ಪಾರಾಗಿ ಜರ್ಮನ್ ಭಾಷೆಯ ಮಹಾಕವಿಯಾದ. 1787ರಲ್ಲಿ ಇದೇ ದೊರೆ ಹಣದ ಆಸೆಗೆ ಸುಮಾರು ಎರಡು ಸಾವಿರ ಸಿಪಾಯಿಗಳ ಪಡೆಯನ್ನು ಡಚ್ಚರ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿ ಆಫ್ರಿಕದ ಕೇಪ್ ಪ್ರಾಂತಕ್ಕೆ ಸಾಗಿಸಿದ. ಮುಂದೆ ಅವರಲ್ಲಿ ಅನೇಕರನ್ನು ಸಿಂಹಳಕ್ಕೂ ಜಾವಾಕ್ಕೂ ಒಯ್ದರು. ಮರಳಿ ಊರು ಕಂಡವರು ಬಹಳ ಕಡಿಮೆ. ಅವರ ಬೀಳ್ಕೊಡುಗೆಯನ್ನು ಕುರಿತು ಶೂಬಾರ್ಟ್ ಸೆರೆಯಲ್ಲಿದ್ದುಕೊಂಡೇ ಬರೆದ ಹಾಡು ನಾಡೆಲ್ಲ ಹಬ್ಬಿತು. ಕವಿಯನ್ನು ಕೂಡಿಹಾಕಬಹುದು, ಹಾಡನ್ನಲ್ಲ.

1770ರಲ್ಲಿ ಹೊರಗಿನ ರಾಜ್ಯಗಳ ಜಾಮೀನಿನೊಡನೆ ದೊರೆಗೂ ಸಭೆಗೂ ರಾಜಿಯಾಗಿ ಹಳೆಯ ಹಕ್ಕುಗಳು ಮತ್ತೆ ಊರ್ಜಿತವಾದವು. ನೆಪೋಲಿಯನ್ನನ ಕಾಲದಲ್ಲಿ, 1806ರಲ್ಲಿ, ವುರ್ಟೆಂಬರ್ಗ್ ರಾಜ್ಯವೆಂಬ ಪದವಿ ಪಡೆಯಿತು. ಡ್ಯೂಕರ ಸಂಸ್ಥಾನದ ಕಥೆ ಅಲ್ಲಿಗೆ ಮುಗಿಯಿತು. ಇಂದು ಆ ನಾಡು ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಭಾಗ.

ನೆಕಾರ್ ದಡದಿಂದ ವರದೆಯ ದಡಕ್ಕೆ

ಈಗ ನಿಮ್ಮ ಪ್ರಶ್ನೆಗೆ ಬರೋಣ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದರ ತರುಣರಲ್ಲಿ ದೊಡ್ಡ ಪಾಲು ನೆರೆಯ ವುರ್ಟೆಂಬರ್ಗಿನ ಹಳ್ಳಿಗಳವರು, ಆ ಓದುಕೂಟಗಳ ಮನೆಗಳವರು. 1833ರ ಸನದು ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. 1834ರಲ್ಲಿ ಅವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಗೇ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

1811ರಲ್ಲಿ ವುರ್ಟೆಂಬರ್ಗಿನ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ಓದಿದ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಇಲ್ಲಿಗೆ ಬಂದ. 1843ರ ಜುಲೈ 1ರಂದು ಅವನು ಹೊರಡಿಸಿದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ ಮುಂತಾದವನ್ನು ಅವನು ಅಚ್ಚಿಗೆ ತಂದ. ಈ ಕೆಲಸಕ್ಕೆ ಟ್ಯೂಬಿಂಗೆನ್ 1858ರಲ್ಲಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು ಉತ್ತರ ಜರ್ಮನಿಯಲ್ಲಿ. ಆದರೆ ಅವನಿಗೂ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್, 1903ರಲ್ಲಿ ಅವನು ಕಣ್ಮುಚ್ಚಿದ್ದೂ ಅಲ್ಲಿಯೇ.

ಇವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕನ್ನಡಕ್ಕೆ ಇವರಿಂದಲೇ ಬೆಳಕು ಬಂತೆನ್ನುವುದೂ ಸರಿಯಲ್ಲ. ಅವರು ಅಚ್ಚು ಹಾಕಿದ ಕಾವ್ಯಗಳು ನಮ್ಮವು. ಅವುಗಳನ್ನು ತಾಳೆಗರಿಯಲ್ಲಿ ಕಾಪಾಡಿದವರು, ಅರ್ಥ ಹೇಳಿಕೊಟ್ಟ ಪಂಡಿತರು ನಮ್ಮವರು. ಜನರ ಮಾತಿನಲ್ಲೇ ಧರ್ಮ ಹೇಳುವ ಕೆಲಸವನ್ನು ಲೂಥರನಿಗಿಂತ ನಾಲ್ಕು ಶತಮಾನ ಮೊದಲೇ ಶರಣರು ಮಾಡಿದ್ದರು. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದೊಂದಿಗೆ ಹೆಸರು ಬೆಸೆದುಕೊಂಡಿರುವ ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಲೇ ವಚನಕಾರನಾದವನು. ಆದರೆ ಶರಣರ ಹಿಂದೆ ಅಚ್ಚಿನ ಮನೆಯಾಗಲಿ, ಊರಿಗೊಂದು ಶಾಲೆಯನ್ನು ಕಡ್ಡಾಯ ಮಾಡುವ ಸರಕಾರವಾಗಲಿ ಇರಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಈ ಎರಡು ಹೊಳೆಗಳು ಕೂಡಿದ ಒಂದು ಉದಾಹರಣೆ ನಿಮ್ಮ ಜಿಲ್ಲೆಗೇ ಸೇರಿದ್ದು. ಸರ್ವಜ್ಞನ ಹೆಸರು ಅಬಲೂರು, ಮಾಸೂರುಗಳೊಂದಿಗೆ ಸೇರಿಕೊಂಡಿದೆ. ಎರಡೂ ಇಂದಿನ ಹಾವೇರಿ ಜಿಲ್ಲೆಯ ಊರುಗಳು. ಜನರ ನಾಲಿಗೆಯ ಮೇಲೂ ಕೈಬರಹಗಳಲ್ಲೂ ಚದುರಿಹೋಗಿದ್ದ ಅವನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಹಾಕಿ, 1924ರಲ್ಲಿ ಪ್ರಕಟಿಸಿದವರು ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಸಾಲು ಹಿಡಿದು ನೋಡಿ: ದೊರೆಯೊಬ್ಬ ತನ್ನ ಮತದ ರಕ್ಷಣೆಗೆ ಹಳ್ಳಿಶಾಲೆ ತೆರೆದ, ಆ ಶಾಲೆಗಳ ಮಕ್ಕಳ ಮೊಮ್ಮಕ್ಕಳು ಕನ್ನಡ ನಾಡಿಗೆ ಬಂದು ಶಾಲೆ, ಅಚ್ಚುಕೂಟ ಹೂಡಿದರು, ಆ ಪರಂಪರೆಯಲ್ಲಿ ಬೆಳೆದ ಕನ್ನಡಿಗರೊಬ್ಬರು, ಜಾತಿ ಮತಗಳ ಡಂಭವನ್ನೆಲ್ಲ ಲೇವಡಿ ಮಾಡಿದ ಕವಿಯನ್ನು ಕನ್ನಡಿಗರ ಕೈಗೆ ಮರಳಿ ಕೊಟ್ಟರು. ಡ್ಯೂಕ್ ಕ್ರಿಸ್ಟೋಫ್ 1559ರಲ್ಲಿ ಇದನ್ನು ಕನಸಿನಲ್ಲಾದರೂ ಕಂಡಿರಲಾರ.

ವಿದ್ಯಾರ್ಥಿ ಮಿತ್ರರೇ, ನಮ್ಮ ದೇಶದಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕೆಂದು ಸಂವಿಧಾನ ಹೇಳಿದ್ದು 2002ರ ತಿದ್ದುಪಡಿಯಿಂದ. ಅದರ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ವುರ್ಟೆಂಬರ್ಗಿನಲ್ಲಿ ಓದು ದೊರೆ ಹೇರಿದ ಕರ್ತವ್ಯವಾಗಿತ್ತು. ನಮ್ಮಲ್ಲಿ ಅದು ಪ್ರಜೆಯ ಹಕ್ಕು. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ನಿಮ್ಮ ತರಗತಿಯ ಯಾವ ಬೆಂಚು ಖಾಲಿಯಾಗುತ್ತದೆ ಎಂಬುದನ್ನು ನೀವು ಬಲ್ಲಿರಿ. ಆ ಹುಡುಗಿಯನ್ನು, ಆ ಹುಡುಗನನ್ನು ಒಮ್ಮೆ ವಿಚಾರಿಸಿ. ತಪ್ಪಿದ ಪಾಠವನ್ನು ಹೇಳಿಕೊಡಿ. ಚರಿತ್ರೆ ಓದಿದ್ದಕ್ಕೆ ಅಷ್ಟು ಪ್ರಯೋಜನವಾದರೆ ಸಾಕು.